ಕೈ ಬಿಡದ ಕಂಟ್ರೋಲ್ ಕೀಲಿ

ಆ ದಿನ ಕಡೂರಿನ ನಮ್ಮ ಮದುವೆ ಕಾರ್ಡಿನ ಅಂಗಡಿಯಲ್ಲಿ ಇದ್ದವರು ಮೂವರೇ: ನಾನು, ನನ್ನ ಹೆಂಡತಿ ಗಿರಿಜ, ಮತ್ತೆ ಮೊಮ್ಮಗಳ ಮದುವೆ ಕಾರ್ಡಿನ ಪ್ರೂಫ್ ನೋಡಲು ಯಗಟಿಯಿಂದ ಬಸ್ಸಿನಲ್ಲಿ ಬಂದಿದ್ದ ಮರುಳಪ್ಪಜ್ಜ. ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲ. ಹಲ್ಲಿ ಲೊಚಗುಟ್ಟಿದರೆ ಯಾವ ದಿಕ್ಕಿನಿಂದ ಎಂದು ಪಂಚಾಂಗ ತೆಗೆಯುವವನು.

ನಮ್ಮ ಕಡೆ ಕಾರ್ಡಿನಲ್ಲಿ ಹುಡುಗ ಹುಡುಗಿಗಿಂತ ಹೆಚ್ಚು ಜಾಗ ಹಿರಿಯರ ಹೆಸರುಗಳಿಗೆ. ಒಬ್ಬ ಸೋದರಮಾವನನ್ನು ಬಿಟ್ಟಿರೋ, ಆತ ಅಕ್ಷತೆಗೂ ಬರುವುದಿಲ್ಲ. ತೀರಿಕೊಂಡವರನ್ನೂ ಬಿಡುವಂತಿಲ್ಲ, ಅವರ ಹೆಸರಿಗೆ ಮೊದಲು ‘ಲಿಂಗೈಕ್ಯ’ ಎಂದಿರಬೇಕು. ಬೆರಳು ಸವೆಯುತ್ತದೆಂದು ನಾನು ಕೀಬೋರ್ಡಿಗೆ ಮ್ಯಾಕ್ರೋ ಬರೆದುಕೊಂಡಿದ್ದೆ. ಒಂದು ಕೀಲಿ ಒತ್ತಿದರೆ ಇಡೀ ಪದ ತಾನೇ ಬೀಳುವ ಏರ್ಪಾಡು ಅದು. ಎಫ್ ಎಂಟು ಒತ್ತಿದರೆ ‘ಶ್ರೀಮತಿ ಮತ್ತು ಶ್ರೀ’. ಕಂಟ್ರೋಲ್ ಹಿಡಿದು ಅದನ್ನೇ ಒತ್ತಿದರೆ ‘ಲಿಂಗೈಕ್ಯ’. ಫೈಲ್ ಉಳಿಸಲು ಇನ್ನೊಂದು: ಕಂಟ್ರೋಲ್ ಒತ್ತು, ಎಸ್ ಒತ್ತು, ಎಸ್ ಬಿಡು. ‘ಕಂಟ್ರೋಲ್ ಬಿಡು’ ಎಂಬ ಸಾಲು ಬರೆಯಲು ಮರೆತಿದ್ದೆ. ಬೆಳಿಗ್ಗೆ ಫೈಲ್ ಉಳಿಸಿದ ಮೇಲೆ ಯಂತ್ರದ ಪಾಲಿಗೆ ಕಂಟ್ರೋಲ್ ಒತ್ತಿದಂತೆಯೇ ಇತ್ತು. ನಾನು ಗಿರಿಜಳ ಜೊತೆ ಮಾತಾಡುತ್ತಾ, ಆಗಲೇ ಟೈಪ್ ಮಾಡಿಟ್ಟಿದ್ದ ಪಟ್ಟಿಯ ಹೆಸರು ಹೆಸರಿಗೂ ಮೊದಲು ಎಫ್ ಎಂಟು ಒತ್ತಿ ಪ್ರೂಫ್ ತೆಗೆದುಕೊಟ್ಟೆ.

ಅಜ್ಜ ಕನ್ನಡಕ ಏರಿಸಿ ಓದಿದರು. ಬಹಳ ಹೊತ್ತು ಓದಿದರು.

“ಏನಪ್ಪಾ, ನನ್ನ ಯಾವತ್ತು ಮಣ್ ಮಾಡಿದ್ರಿ?”

ನೋಡಿದೆ. ಅಜ್ಜನದೂ ಸೇರಿ ಎಲ್ಲ ಹೆಸರಿಗೂ ಮೊದಲು ‘ಲಿಂಗೈಕ್ಯ’. “ಅಜ್ಜಾ, ಅದು... ಕಂಟ್ರೋಲ್ ಬಿಟ್ಟಿರ್ಲಿಲ್ಲ...”

“ಹನ್ನೊಂದ್ ಜನಾನ ಒಂದೇ ಬೆಳಿಗ್ಗೆ ಕಳಿಸ್ಬಿಟ್ಟಲ್ಲೋ! ಇನ್ನು ಧಾರೆ ಯಾರಪ್ಪಾ ಎರೀತಾರೆ? ಅಜ್ಜಂಪುರದ ಬೀಗ್ರು ನೋಡಿದ್ರೆ ಏನ್ ಗತಿ?”

“ಈಗ್ಲೇ ತಿದ್ದಿಕೊಡ್ತಾರೆ, ಕೂತ್ಕೊಳಿ ಅಜ್ಜಾ,” ಎಂದು ಗಿರಿಜ ಟೀ ಕೊಟ್ಟಳು. ಆಮೇಲೆ ನನ್ನ ಕಿವಿಯಲ್ಲಿ, “ಅಕ್ಷರ ತಿದ್ಬಹುದು ಕಣ್ರೀ, ಅಪಶಕುನ?” ಎಂದಳು.

ಮರೆತ ಸಾಲು ಸೇರಿಸಿದೆ, ಎಲ್ಲರಿಗೂ ಜೀವ ಕೊಟ್ಟೆ, ಕಾರ್ಡೂ ಅಚ್ಚಾಯಿತು. ಆದರೆ ಗಿರಿಜಳ ಮಾತು ತಲೆಯಿಂದ ಹೋಗಲಿಲ್ಲ. ಮದುವೆಯೊಳಗೆ ಅಜ್ಜನಿಗೆ ಏನಾದರೂ ಆದರೆ ಅದು ನನ್ನ ಎಫ್ ಎಂಟೇ ಅಲ್ಲವೇ? ದಿನಾ ಬೆಳಿಗ್ಗೆ ಯಗಟಿಗೆ ಫೋನ್ ಮಾಡಿ, ಕಾರ್ಡು ಸಾಕಾಯಿತೇ ಎಂಬ ನೆಪದಲ್ಲಿ ಆರೋಗ್ಯ ವಿಚಾರಿಸತೊಡಗಿದೆ. ಒಂದು ದಿನ ಯಾರೂ ಎತ್ತಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಓಡಿದೆ. ಅಲ್ಲಿರುವಾಗ ಅಜ್ಜನೇ ಫೋನ್ ಮಾಡಿದರು. ಕುರಿ ಹಿಂದೆ ಹೋಗಿದ್ದರಂತೆ.

“ಏನಪ್ಪಾ, ದಿನಾ ಕೇಳ್ತೀಯ. ಕಾಯ್ತಾ ಇದೀಯೇನೋ?”

“ಅಯ್ಯೋ, ಬಿಡ್ತು ಅನ್ನಿ ಅಜ್ಜಾ!” ಎಂದೆ. ಬಸ್ ಸ್ಟ್ಯಾಂಡಿನವರೆಲ್ಲ ತಿರುಗಿ ನೋಡಿದರು.

ಮದುವೆ ತರೀಕೆರೆಯ ಛತ್ರದಲ್ಲಿ ನಡೆಯಿತು. ಅಜ್ಜ ಧಾರೆಗೆ ನಿಂತರು, ಮೊದಲ ಪಂಕ್ತಿಯಲ್ಲೇ ಕೂತು ಮೂರು ಹೋಳಿಗೆ ಹೊಡೆದರು. ಎದುರಿಗಿದ್ದ ನಾನು ಅವರಿಗೆಲ್ಲಿ ನೆತ್ತಿಗೇರುತ್ತದೋ ಎಂದು ಊಟ ಬಿಟ್ಟು ನೀರಿನ ಲೋಟ ಹಿಡಿದೇ ಕೂತಿದ್ದೆ. ಮನೆಗೆ ಬಂದವನು ಜ್ವರ ಹಿಡಿದು ಮಲಗಿದೆ.

ಮೂರನೇ ದಿನ ಅಜ್ಜ ಬೆಳಗಿನ ಬಸ್ಸಿಗೆ ಬಂದರು. ನಾಲ್ಕು ಎಳನೀರನ್ನು ಬಾಗಿಲ ಬಳಿ ಇಟ್ಟು, ನನ್ನ ಹಣೆ ಮುಟ್ಟಿ ನೋಡಿ, ಗಿರಿಜಳಿಗೆ ಹೇಳಿದರು: “ಹೆದ್ರಿಕೆ ಜ್ವರ ಕಣಮ್ಮಾ. ನಾನ್ ಎಲ್ಲೂ ಹೋಗಲ್ಲ ಅಂತ ಹೇಳು ಇವ್ನಿಗೆ.”

ಸಂಜೆಯ ಬಸ್ಸಿನವರೆಗೂ ನನ್ನ ಕಾಲ ಬಳಿಯೇ ಕೂತಿದ್ದರು.