ಒಂದು ಮುಚ್ಚಳದ ಬಟ್ಟಲಿಗಾಗಿ

ಹಳೆಯ ಅಮೆರಿಕನ್ ಪಿಂಗಾಣಿ ಕೂಡಿಹಾಕುವ ಹುಚ್ಚು ಹತ್ತಿದವನು ಮರ್ಯಾದೆ ಕಳೆದುಕೊಳ್ಳಲು ಬೇರೆ ಪ್ರಯತ್ನ ಮಾಡಬೇಕಾಗಿಲ್ಲ, ಅದು ತಾನಾಗಿ ಆಗುತ್ತಿರುತ್ತದೆ. ನನ್ನದು ಎಪ್ಪತ್ತು ವರ್ಷ ಹಳೆಯ, ಎಂಟು ಜನರು ಉಣ್ಣುವ ಹಸಿರು ಸೆಟ್ಟು. ಆರು ವರ್ಷ ಅಲೆದು ಎಲ್ಲ ಜೋಡಿಸಿದ್ದೆ, ಮುಚ್ಚಳದ ಬಟ್ಟಲೊಂದನ್ನು ಬಿಟ್ಟು. ಅದೊಂದು ಸಿಕ್ಕರೆ ಜನ್ಮ ಸಾರ್ಥಕ ಅಂದುಕೊಂಡಿದ್ದೆ.

೧. ಟಣ್

ಪ್ರಿನ್ಸ್‌ಟನ್‌ನ ಒಂದು ಮನೆಯಲ್ಲಿ, ತೀರಿಕೊಂಡವರ ಸಾಮಾನೆಲ್ಲ ಮಾರುವ ಎಸ್ಟೇಟ್ ಸೇಲ್. ಬಟ್ಟಲಿರಲಿಲ್ಲ. ತಟ್ಟೆಯೊಂದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಬಡಿದೆ. ಅಮ್ಮ ಮಡಕೆ ಕೊಳ್ಳುವಾಗ ಹಾಗೆ ಮಾಡುತ್ತಿದ್ದಳು. ಪಕ್ಕದ ಅಮೆರಿಕನ್ ಅಜ್ಜಿ ತಾನೂ ಒಂದು ತಟ್ಟೆ ಬಡಿದಳು. ಅವಳ ಹಿಂದಿನವನೂ ಬಡಿದ. ಐದು ನಿಮಿಷದಲ್ಲಿ ಕೋಣೆಯೆಲ್ಲ ಟಣ್ ಟಣ್. ಒಬ್ಬನಂತೂ ತಟ್ಟೆ ಮುಗಿಸಿ ಮರದ ಕುರ್ಚಿ ಬಡಿಯತೊಡಗಿದ.

ಅಜ್ಜಿ ಪಿಸುಗುಟ್ಟಿದಳು: "ಯಾವ ಶಬ್ದ ಬಂದರೆ ಒಳ್ಳೆಯದು?"

"ಅದು ನಮ್ಮಮ್ಮನಿಗೆ ಗೊತ್ತಿತ್ತು," ಎಂದೆ. "ನನಗೆ ಬಡಿಯೋದು ಮಾತ್ರ ಗೊತ್ತು."

೨. ಅತ್ತೆಯ ಅನುಮಾನ

ಮೈಸೂರಿನಿಂದ ಅತ್ತೆ ಬಂದರು. ಗಾಜಿನ ಬೀರುವಿನ ತುಂಬ ಇದ್ದ ತಟ್ಟೆಗಳನ್ನು ನೋಡಿ, "ಇವೆಲ್ಲ ಯಾರದು?" ಎಂದರು.

"ಸತ್ತವರದು," ಅಂದಳು ನನ್ನ ಹೆಂಡತಿ.

ಮರುದಿನ ಅತ್ತೆ ಅಂಗಡಿಗೆ ಹೋಗಿ ಎಂಟು ಹೊಸ ಸ್ಟೀಲ್ ತಟ್ಟೆ ತಂದು ನನ್ನ ಮುಂದಿಟ್ಟರು. "ಕೆಲಸ ಇವತ್ತು ಹೋಗತ್ತೆ, ನಾಳೆ ಸಿಗತ್ತೆ. ನೀವು ಯೋಚ್ನೆ ಮಾಡ್ಬೇಡಿ, ನಾವಿದ್ದೀವಿ."

೩. ಖಾಲಿ ಕೊಡಬಾರದು

ಕೊನೆಗೆ ಫೋರ್ಟ್ ಲೀಯ ಒಬ್ಬ ಮುದುಕನ ಬಳಿ ಬಟ್ಟಲು ಸಿಕ್ಕಿತು. ಅದನ್ನು ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿ ಕೂರಿಸಿಕೊಂಡು ಹ್ಯಾರಿಸನ್ ಊರಿನ ನಮ್ಮ ಮನೆಗೆ ತಂದೆ. ಮರುದಿನ ನಾನು ಆಫೀಸಿನಲ್ಲಿದ್ದಾಗ ಹೆಂಡತಿ, ಮುಚ್ಚಳವಿದೆಯಲ್ಲ ಅಂತ, ಅದರಲ್ಲೇ ಕೇಸರಿಬಾತ್ ತುಂಬಿ ಮೇಲಿನ ಮನೆಯ ಆಂಟಿಗೆ ಕೊಟ್ಟುಬಂದಳು.

ವಾರ ಕಳೆಯಿತು, ತಿಂಗಳುಗಳು ಕಳೆದವು, ಬಟ್ಟಲು ವಾಪಸ್ ಬರಲಿಲ್ಲ. ನನಗೆ ಅನ್ನ ಸೇರುತ್ತಿರಲಿಲ್ಲ. ಆಂಟಿ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕೇಳಿದೆ. ಅವರದು ಒಂದೇ ಉತ್ತರ: "ಖಾಲಿ ಪಾತ್ರೆ ಹೇಗಪ್ಪಾ ಕೊಡೋದು? ಏನಾದ್ರೂ ಹಾಕೇ ಕೊಡ್ತೀನಿ."

"ಖಾಲೀನೇ ಕೊಡಿ ಆಂಟಿ."

"ಸಂಕೋಚ ಪಡ್ಬೇಡಪ್ಪ."

ಮೊನ್ನೆ ಭಾನುವಾರ ಆಂಟಿಯೇ ಬಂದರು, ಕೈಯಲ್ಲಿ ನನ್ನ ಬಟ್ಟಲು. ಬಟ್ಟಲ ತುಂಬ ಮಣ್ಣು, ಮಣ್ಣಿನಲ್ಲೊಂದು ಕರಿಬೇವಿನ ಸಸಿ. ಈ ಚಳಿಯ ಊರಿನಲ್ಲಿ ಕರಿಬೇವು ಕಂಡು ಹೆಂಡತಿ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ, ಕಾರಣ ಬೇರೆ.

"ಬೀಜದಿಂದ ಬೆಳೆಸಿದ್ದು, ಅದಕ್ಕೇ ಲೇಟಾಯ್ತು," ಎಂದರು ಆಂಟಿ. "ಬೇರು ಕೊಳೀಬಾರ್ದು ಅಂತ ಅಂಕಲ್ ಡ್ರಿಲ್ ತಂದು ತಳಕ್ಕೆ ಮೂರು ತೂತು ಹಾಕಿದಾರೆ."

ಉಸಿರು ಹಿಡಿದು ಕೇಳಿದೆ: "ಮುಚ್ಚಳ?"

"ಅದನ್ನ ಎಸೀತೀವಾ? ನೀರು ಸೋರತ್ತಲ್ಲ, ತಟ್ಟೆ ಥರ ಅಂಗಾತ ಕೆಳಗಿಡೋಣ ಅಂದ್ರೆ ಅದರ ಹಿಡಿ ಅಡ್ಡ ಬಂತು. ಪಾಪ, ಅಂಕಲ್ ಇಡೀ ದಿನ ಕೂತು ಉಜ್ಜಿ ತೆಗೆದ್ರು. ಈಗ ನೋಡು, ಒಂಚೂರೂ ಅಲ್ಲಾಡಲ್ಲ."