ನಾಲ್ಕು ಗಂಟೆಯ ನಂತರದ ಮಗಳು

ಹೈದರಾಬಾದಿನ ನಾಚಾರಂನ ಸರ್ವಬಂಧು ಆಸ್ಪತ್ರೆಯಲ್ಲಿ ಬೆಳಗಿನ ಪಾಳಿಯ ನರ್ಸುಗಳ ಡ್ಯೂಟಿ ಪ್ರತಿದಿನ ಸಂಜೆ ನಾಲ್ಕಕ್ಕೆ ಸರಿಯಾಗಿ ಮುಗಿಯುತ್ತದೆ. ಅವರಲ್ಲಿ ಯಾರೂ ಎಂಟರ ತನಕ ಮನೆಗೆ ಹೋಗುವುದಿಲ್ಲ. ಈ ಎರಡು ಸಂಗತಿಗಳ ನಡುವೆ ಯಾವ ವಿರೋಧವೂ ಇಲ್ಲವೆಂದು ಆಡಳಿತ ಮಂಡಳಿ ಪರಿಶೀಲಿಸಿ, ಒಪ್ಪಿ, ಮೊಹರು ಹಾಕಿದೆ.

ಆದದ್ದಿಷ್ಟು. ಎಂಟು ಗಂಟೆ ಮೀರಿ ದುಡಿಸಿಕೊಂಡರೆ ಮೀರಿದ ಹೊತ್ತಿಗೆ ಎರಡು ಪಟ್ಟು ಸಂಬಳ ಕೊಡತಕ್ಕದ್ದು ಎಂದು ಕಾರ್ಮಿಕ ಇಲಾಖೆಯಿಂದ ನೋಟೀಸು ಬಂತು. ಇಂಥವು ಹಿಂದೆಯೂ ಬರುತ್ತಿದ್ದವು, ಬಂದ ದಾರಿಯಲ್ಲೇ ಹೋಗುತ್ತಿದ್ದವು. ಈ ಸಲದ್ದರಲ್ಲಿ ಮಾತ್ರ ತಪಾಸಣೆಗೆ ಬರುವ ಅಧಿಕಾರಿಯ ಹೆಸರೂ, ಬರುವ ವಾರವೂ ಇತ್ತು. ಆಸ್ಪತ್ರೆಯ ಮುಂದೆ ಮೂರು ದಾರಿಗಳಿದ್ದವು: ನರ್ಸುಗಳನ್ನು ನಾಲ್ಕಕ್ಕೆ ಮನೆಗೆ ಕಳಿಸುವುದು, ಇನ್ನಷ್ಟು ನರ್ಸುಗಳನ್ನು ನೇಮಿಸಿಕೊಳ್ಳುವುದು, ಇಲ್ಲವೇ ಎರಡು ಪಟ್ಟು ಕೊಡುವುದು. ಮೂರೂ ವೈದ್ಯಕೀಯ ಕಾರಣಗಳಿಂದ ಸಾಧ್ಯವಿರಲಿಲ್ಲ. ಆಗ ಎಚ್.ಆರ್. ಮ್ಯಾನೇಜರ್ ವಿಜಯಕುಮಾರ ನಾಲ್ಕನೆಯ ದಾರಿ ಕಂಡುಹಿಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ವಿದ್ಯೆಯನ್ನು ಅವರು ದುಡ್ಡು ಕೊಟ್ಟು ಎರಡು ವರ್ಷ ಕಲಿತಿದ್ದರು.

ಸುತ್ತೋಲೆ ಇಂಗ್ಲಿಷಿನಲ್ಲಿತ್ತು. ಮೇಲಿನ ಗಾದೆಯನ್ನು ಮಾತ್ರ ಕಲಬುರಗಿಯವರಾದ ವಿಜಯಕುಮಾರ ಅಭಿಮಾನದಿಂದ ತಾಯ್ನುಡಿಯಲ್ಲಿ ಹಾಕಿಸಿದ್ದರು: "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ." ಕೆಳಗಿನದರ ಸಾರಾಂಶ ಹೀಗಿತ್ತು:

"ಪ್ರತಿ ರೋಗಿಗೂ ಒಬ್ಬ ಬಂಧುವನ್ನು ಜೊತೆಗಿಟ್ಟುಕೊಳ್ಳುವ ಹಕ್ಕಿದೆ. ಹಲವು ರೋಗಿಗಳ ಬಂಧುಗಳು ಬರುತ್ತಿಲ್ಲವೆಂಬುದು ಆಡಳಿತದ ಗಮನಕ್ಕೆ ಬಂದು ಮನಸ್ಸಿಗೆ ನೋವಾಗಿದೆ. ಆದ್ದರಿಂದ ನರ್ಸುಗಳು ನಾಲ್ಕಕ್ಕೆ ಹೆಬ್ಬೆಟ್ಟೊತ್ತಿ ನೌಕರಿಯಿಂದ ಹೊರಬಂದು, ನಾಲ್ಕೂ ಐದಕ್ಕೆ ಕೌಂಟರಿನಲ್ಲಿ ಹಳದಿ ಪಾಸು ಪಡೆದು, ಗೊತ್ತುಮಾಡಿದ ರೋಗಿಯ ಬಂಧುವಾಗತಕ್ಕದ್ದು. ಬಂಧುಗಳು ಪ್ರೀತಿಯಿಂದ ಮಾಡುವ ಕೆಲಸಕ್ಕೆ ಓವರ್‌ಟೈಮ್ ಅನ್ವಯಿಸುವುದಿಲ್ಲ. ಪ್ರೀತಿಯಲ್ಲಿ ಸಲೈನ್, ಇಂಜೆಕ್ಷನ್, ಡ್ರೆಸ್ಸಿಂಗ್ ಮತ್ತು ಬೆಡ್‌ಪ್ಯಾನ್ ಸಹ ಸೇರಿವೆ. ಒಬ್ಬ ಬಂಧುವಿಗೆ ಒಬ್ಬರೇ ರೋಗಿ. ಆದರೆ ಅಕ್ಕಪಕ್ಕದ ಹನ್ನೊಂದು ಹಾಸಿಗೆಗಳವರು ಕರೆದರೆ ನೆರೆಹೊರೆಯ ಧರ್ಮವೆಂದು ಓಗೊಡತಕ್ಕದ್ದು."

ಸಂಬಂಧವನ್ನು ವಯಸ್ಸು ನೋಡಿ ಹಂಚಲಾಯಿತು. ಮೂವತ್ತರೊಳಗಿನವರು ಮೊಮ್ಮಗಳು ಅಥವಾ ಕಿರಿಮಗಳು, ಮೂವತ್ತು ದಾಟಿದವರು ಮಗಳು, ನಲವತ್ತೈದು ದಾಟಿದವರು ತಂಗಿ. ಹೆಂಡತಿ ಎಂದು ಬರೆಯಬಾರದೆಂದು ಎರಡನೆಯ ದಿನವೇ ತಿದ್ದುಪಡಿ ಬಂತು, ಕಾರಣ ಕೇಳಬೇಡಿ. ಗಂಡು ನರ್ಸು ಶಾಂತಕುಮಾರನನ್ನು ಅಳಿಯನೆಂದು ಬರೆದಿದ್ದು ಮಾತ್ರ ದೊಡ್ಡ ತಪ್ಪಾಯಿತು. ಅಳಿಯ ಬಂದಾನ ಎಂದು ರೋಗಿಗಳೇ ಏಳಲಾರದೆ ಎದ್ದು ಕುಳಿತು ಅವನಿಗೆ ಚಹಾ ತರಿಸಲು ಶುರುಮಾಡಿದರು. ಒಂದು ವಾರದಲ್ಲಿ ಅವನು ಒಂದು ಬೆಡ್‌ಪ್ಯಾನನ್ನೂ ಮುಟ್ಟಲಿಲ್ಲ, ಮೂರು ಕಿಲೋ ಹೆಚ್ಚಾದ. ಆಡಳಿತ ಅವನನ್ನು ಮೈದುನನ ಸ್ಥಾನಕ್ಕೆ ಇಳಿಸಿತು.

ರೋಗಿಯ ಬಿಲ್ಲಿನಲ್ಲಿ "ಬಂಧು ಸೇವೆ" ಎಂಬ ಹೊಸ ಸಾಲು ಸೇರಿತು. ದರವನ್ನು ಕಾನೂನಿಗೆ ಗೌರವ ಕೊಟ್ಟು ಎರಡು ಪಟ್ಟೇ ಇಡಲಾಯಿತು.

ದಾನೇಶ್ವರಿ ಎರಡನೆಯ ಮಹಡಿಯ ಹೆಂಗಸರ ಎಲುಬು ವಾರ್ಡಿನ ನರ್ಸು. ಲಿಂಗಸುಗೂರು ಕಡೆಯವಳು, ವಯಸ್ಸು ಮೂವತ್ತಾರು. ಬೆಳಿಗ್ಗೆ ಎಂಟರಿಂದ ಅವಳು ಇಡೀ ವಾರ್ಡಿನ ಸಿಸ್ಟರು. ನಾಲ್ಕರ ಮೇಲೆ ಹನ್ನೆರಡನೆಯ ಹಾಸಿಗೆಯ ಉಮಾಬಾಯಿಯ ಮಗಳು. ಈ ಉಮಾಬಾಯಿ ಸನತ್‌ನಗರದ ಸೀರೆ ವ್ಯಾಪಾರಿಯ ತಾಯಿ, ಬೀದರಿನವರು, ಮೊಣಕಾಲು ಬದಲಿಸಿಕೊಂಡು ಮಲಗಿದ್ದರು. ಅವರಿಗೆ ಮೂವರು ಸೊಸೆಯರಿದ್ದರು. ಮಗಳು ಮಂಜೂರಾದ ಸುದ್ದಿ ತಿಳಿದ ದಿನವೇ ಮೂವರೂ ನಿರಾಳವಾಗಿ ಬರುವುದನ್ನು ನಿಲ್ಲಿಸಿದರು. ದಾನೇಶ್ವರಿ ಸಮವಸ್ತ್ರದ ಮೇಲೆ ಮನೆಯಿಂದ ತಂದ ದುಪಟ್ಟಾ ಹೊದ್ದು, ಕಾರಿಡಾರಿನ ಒಂದು ತುದಿಯಿಂದ ಹೋಗಿ ಇನ್ನೊಂದು ತುದಿಯಿಂದ ಬಂದು, "ಹ್ಯಾಂಗಿದ್ದಿ ಅವ್ವಾ?" ಎನ್ನುತ್ತಿದ್ದಳು. ಹಾಗೆನ್ನುವುದು ಕಡ್ಡಾಯವಾಗಿತ್ತು.

ಹೇಳಿದ ವಾರವೇ ಕಾರ್ಮಿಕ ಅಧಿಕಾರಿ ಅಂಬಾದಾಸ ಬಂದರು. ಸಂಜೆ ಐದು. ಒಂದೊಂದು ಹಾಸಿಗೆಯ ಬಳಿಯೂ ನಿಂತು ವಿಚಾರಿಸಿದರು. ದಾನೇಶ್ವರಿ ಆಗ ಉಮಾಬಾಯಿಯ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಳು.

"ಆಪ್ ಕೌನ್?"

"ಮಗಳ್ರಿ," ಎಂದಳು ದಾನೇಶ್ವರಿ, ಪಾಸು ತೋರಿಸಿ. ಉಮಾಬಾಯಿ ಅದನ್ನು ಹಿಂದಿಯಲ್ಲಿ ಹೇಳಿದರು.

ಅಂಬಾದಾಸ ಕನ್ನಡಕ ತೆಗೆದು ಒರೆಸಿಕೊಂಡರು. "ಆಜ್ ಕಲ್ ಐಸೀ ಬೇಟಿಯಾಂ ಕಹಾಂ ಮಿಲ್ತೇ ಅಮ್ಮಾ," ಈ ಕಾಲದಲ್ಲಿ ಇಂಥ ಹೆಣ್ಣುಮಕ್ಕಳು ಎಲ್ಲಿ ಸಿಗುತ್ತಾರೆ ಎಂದು ಉಮಾಬಾಯಿಗೆ ಕೈಮುಗಿದರು. ಅವರ ವರದಿಯಲ್ಲಿ ಹೀಗಿದೆ: ಈ ಆಸ್ಪತ್ರೆಯಲ್ಲಿ ಯಾವ ನರ್ಸನ್ನೂ ಎಂಟು ಗಂಟೆ ಮೀರಿ ದುಡಿಸಿಕೊಳ್ಳುತ್ತಿಲ್ಲ, ನಾಲ್ಕರ ನಂತರ ಇಡೀ ಕಟ್ಟಡದಲ್ಲಿ ಒಬ್ಬ ನರ್ಸೂ ಕಂಡುಬರಲಿಲ್ಲ, ಇದು ಇತರ ಆಸ್ಪತ್ರೆಗಳಿಗೆ ಮಾದರಿಯಾಗತಕ್ಕದ್ದು.

ಇದೆಲ್ಲ ಸುಸೂತ್ರವಾಗಿ ನಡೆದಿರುವಾಗ ದಾನೇಶ್ವರಿಯ ತಾಯಿ ಸಾಬಮ್ಮ, ಕುಷಾಯಿಗೂಡದ ಬಾಡಿಗೆ ಕೋಣೆಯ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು.

ಆಕೆಯ ಬಗ್ಗೆ ಎರಡು ಮಾತು ಹೇಳಬೇಕು. ಗಂಡ ಸತ್ತ ಮೇಲೆ ಒಬ್ಬಳೇ ಮಗಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಬಂದವಳು. ಕಟ್ಟಡ ಕಟ್ಟುವಲ್ಲಿ ಕಾಂಕ್ರೀಟ್ ಹೊತ್ತಳು, ಹೊತ್ತು ಮಗಳನ್ನು ನರ್ಸಿಂಗ್ ಓದಿಸಿದಳು. ಸರ್ವಬಂಧುವಿನ ಎರಡನೆಯ ಮಹಡಿಗೂ ಹೊತ್ತಿದ್ದಳು. ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಕೆಲಸ ಬಿಟ್ಟುಹೋಗಿದ್ದ ಪದ್ಮಾ ಎಂಬವಳ ಹೆಸರಿನಲ್ಲೇ ಇವಳನ್ನು ನಡೆಸಿದ್ದರಿಂದ, ಸಾಬಮ್ಮ ಹನ್ನೊಂದು ವರ್ಷ ಪದ್ಮಾ ಆಗಿದ್ದಳು. ಪದ್ಮಾ ಎಂದರೆ ಓಗೊಟ್ಟಳು, ಪದ್ಮಾ ಎಂದೇ ಹೆಬ್ಬೆಟ್ಟೊತ್ತಿದಳು. ಬರೆದದ್ದು ಮೊದಲು, ಮನುಷ್ಯ ಆಮೇಲೆ ಎಂಬುದು ಅವಳಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ಅವಳಿಗೆ ಸಿಕ್ಕಿದ್ದು ಹದಿಮೂರನೆಯ ಹಾಸಿಗೆ, ಉಮಾಬಾಯಿಯ ಪಕ್ಕದ್ದೇ. ಆಪರೇಷನ್ ಶುಕ್ರವಾರ ಸಂಜೆ ಐದಕ್ಕೆ. ಎದೆಗಾರಿಕೆಯ ಹೆಂಗಸು, ಆದರೆ ಆಪರೇಷನ್ ಎಂದದ್ದೇ ಮಗುವಿನಂತಾಗಿಬಿಟ್ಟಳು. "ಬಾಗಲ ತನಾ ನೀ ಬರಬೇಕ ನೋಡು," ಎಂದು ಮಗಳ ಕೈ ಹಿಡಿದಳು. "ಕಣ್ಣ ತೆರದಾಗ ನಿನ್ನ ಮಾರೀನ ಕಾಣಬೇಕು." ದಾನೇಶ್ವರಿ ಹೂಂ ಎಂದಳು. ಅಷ್ಟೇ ಬೇಕಾಗಿದ್ದುದು, ಹೆಚ್ಚೇನಲ್ಲ. ಆದರೆ ಥಿಯೇಟರಿನ ಬಾಗಿಲ ತನಕ ಹೋಗುವ ಹಕ್ಕು ಪಾಸಿನಲ್ಲಿದ್ದ ಬಂಧುವಿಗೆ ಮಾತ್ರ. ಆ ವಾರ ಹದಿಮೂರರ ಕಿರಿಮಗಳಾಗಿ ಗೊತ್ತಾಗಿದ್ದವಳು ಇಪ್ಪತ್ತೆಂಟು ವರ್ಷದ ನರ್ಸು ಸ್ನೇಹಲತಾ.

ದಾನೇಶ್ವರಿ ವಿಜಯಕುಮಾರರ ಕೋಣೆಗೆ ಹೋದಳು.

"ಸರ್, ಹದಿಮೂರನೇದು ನಮ್ಮವ್ವನ ಬೆಡ್ಡರಿ. ಆಕೀ ಪಾಸು ನನಗ ಕೊಡ್ರಿ."

"ನಿಮಗ ಹನ್ನೆರಡು ಕೊಟ್ಟೀವಲ್ಲ," ಎಂದರು ವಿಜಯಕುಮಾರ ಕಂಪ್ಯೂಟರ್ ನೋಡಿ. "ಉಮಾಬಾಯಿಯವರು ನಿಮ್ಮ ಮ್ಯಾಲ ಭಾಳ ಜೀವ ಇಟ್ಟಾರ. ಫೀಡ್‌ಬ್ಯಾಕ್ ಬಂದದ."

"ಇಡ್ಲಿರಿ. ನನ್ನ ಹಡದಾಕಿ ಬಾಜೂದಾಗ ಅದಾಳ."

"ಅದೇ ತೊಡಕು ನೋಡ್ರಿ. ಖರೇ ಮಗಳಾಗಿ ಕುಂತ್ರ ಅದು ಸ್ವಂತ ಕೆಲಸ ಆಗ್ತದ. ಸ್ವಂತ ಕೆಲಸಕ್ಕ ರಜಾ ಹಾಕಬೇಕು. ಹದಿನೈದು ದಿನ ಮೊದಲ ಅರ್ಜಿ ಬರಬೇಕು."

"ಆಕಿ ಬಿದ್ದಿದ್ದ ಮೊನ್ನೆರಿ."

"ನಾನೂ ಫೈಲ್ ನೋಡೀನಿ. ಭಾಳ ಅವಸರ ಮಾಡ್ಯಾರ."

"ನಾಕರ ಮ್ಯಾಗ ನಂದು ಡ್ಯೂಟೀನ ಇಲ್ಲಲ್ಲರಿ? ಇಲ್ಲದ ಡ್ಯೂಟಿಗೆ ರಜಾ ಯಾಕ ಹಾಕಲಿ?"

ವಿಜಯಕುಮಾರ ಕೆಟ್ಟವರಲ್ಲ. ಈ ಪ್ರಶ್ನೆಯ ಮೇಲೆ ಅವರು ನಿಜವಾಗಿ ಯೋಚಿಸಿದರು, ಪೆನ್ನಿನ ಕ್ಯಾಪು ಎರಡು ಸಲ ಹಾಕಿ ತೆಗೆದರು. ಆಮೇಲೆ ಮೆತ್ತಗೆ ಹೇಳಿದರು: "ಡ್ಯೂಟಿ ಇಲ್ಲ, ಖರೇ. ಆದ್ರ ಆ ಹೊತ್ತಿಗೆ ನೀವು ಉಮಾಬಾಯಿಯವರ ಮಗಳಿದ್ದೀರಿ. ಹಾಸಿಗಿ ಹಿಡದ ತಾಯೀನ ಬಿಟ್ಟು ಹೋಗ್ಲಿಕ್ಕ ಯಾವ ಮಗಳಿಗಿ ರಜಾ ಇರ್ತದ, ನೀವೇ ಹೇಳ್ರಿ."

ದಾನೇಶ್ವರಿ ಮರುದಿನ ರೇಷನ್ ಕಾರ್ಡು ತಂದಳು. ಅದರಲ್ಲಿ ತಾಯಿ ಸಾಬಮ್ಮ, ಮಗಳು ದಾನೇಶ್ವರಿ ಎಂದು ಸರ್ಕಾರವೇ ಬರೆದಿತ್ತು. ವಿಜಯಕುಮಾರ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಇದು ಅಕ್ಕಿಯ ಮಟ್ಟಿಗೆ ಸರಿಯಾಗಿದೆ, ವಾರ್ಡಿನೊಳಗೆ ನಡೆಯುವುದಿಲ್ಲ ಎಂದರು. "ಜನಾ ಮೊದಲಿಂದ ಸಿಸ್ಟರ್ ಅಂತ ಕರೀತಾರ. ಸಂಬಂಧ ಮೊದಲೇ ಇತ್ತು. ನಾವು ಕಾಗದದ ಮ್ಯಾಲ ತಂದೀವಿ, ಅಷ್ಟೇ," ಎಂದು ಸಮಾಧಾನವನ್ನೂ ಹೇಳಿದರು.

ಸ್ನೇಹಲತಾಳಿಗೆ ಮುಖ ಎತ್ತಿ ನೋಡಲಾಗಲಿಲ್ಲ. "ಅಕ್ಕಾ, ಪಾಸು ಅದಲಬದಲ ಮಾಡೂಣು. ನೀವು ನಿಮ್ಮವ್ವನ ಹಂತ್ಯಾಕ ಕುಂದರ್ರಿ, ನಾ ಉಮಾಬಾಯೀನ್ನ ನೋಡ್ತೀನಿ," ಎಂದಳು. ಪಾಸಿನಲ್ಲಿ ಫೋಟೋ ಇತ್ತು. ಸೆಕ್ಯುರಿಟಿಯವನು ಗಂಟೆಗೊಮ್ಮೆ ಬಂದು ಅದನ್ನು ಯಂತ್ರದಿಂದ ಓದಿಸಿಕೊಳ್ಳುತ್ತಿದ್ದ. ಅಲ್ಲದೆ ಸುತ್ತೋಲೆಯ ಒಂಬತ್ತನೆಯ ಅಂಶ ಸ್ಪಷ್ಟವಾಗಿತ್ತು: ಅನ್ಯರ ಮಗಳೆಂದು ಸುಳ್ಳು ಹೇಳಿ ರೋಗಿಯ ಬಳಿ ಕುಳಿತವರನ್ನು ಕೆಲಸದಿಂದ ತೆಗೆಯಲಾಗುವುದು. ದಾನೇಶ್ವರಿ ಸಾಬಮ್ಮನ ಮಗಳೆಂದು ಹೇಳಿಕೊಂಡು ಸಿಕ್ಕಿಬಿದ್ದರೆ ಇಬ್ಬರ ನೌಕರಿಯೂ ಹೋಗುತ್ತಿತ್ತು.

ಹೀಗಾಗಿ ಅವಳು ಅವ್ವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಸಾಬಮ್ಮ ತಾನೇ ಕಾಂಕ್ರೀಟ್ ಹೊತ್ತು ಹಾಕಿಸಿದ ನೆಲ ನೋಡುತ್ತ ಕೇಳಿದಳು.

"ಆ ಹುಡುಗಿ ಹೆಸರೇನು?"

"ಸ್ನೇಹಲತಾ."

"ಆತು ಬಿಡು. ಬರದಾರಂದ್ರ ಆತು. ಜಗಳಾ ತಗೀಬ್ಯಾಡ, ನೌಕರಿ ಹೊಕ್ಕೈತಿ," ಎಂದು ಸಾಬಮ್ಮ ಹೆಸರನ್ನು ಬಾಯಲ್ಲಿ ಎರಡು ಮೂರು ಸಲ ಹೇಳಿಕೊಂಡು ರೂಢಿಮಾಡಿಕೊಂಡಳು.

ಶುಕ್ರವಾರ ನಾಲ್ಕರ ತನಕ ದಾನೇಶ್ವರಿಯೇ ಎಲ್ಲವನ್ನೂ ಮಾಡಿದಳು. ಸಾಬಮ್ಮನ ಬಿಪಿ ನೋಡಿದಳು, ಹಸಿರು ಗೌನು ತೊಡಿಸಿದಳು, ಕೈಬಳೆ ಬಿಚ್ಚಿಸಿದಳು. ನಾಲ್ಕಕ್ಕೆ ಹೆಬ್ಬೆಟ್ಟೊತ್ತಿ ಬಂದಾಗ ಅವಳು ಪಕ್ಕದ ಹಾಸಿಗೆಯವರ ಮಗಳಾಗಿದ್ದಳು. ಸ್ಟ್ರೆಚರು ಬಂತು. ಅದನ್ನು ತಳ್ಳಿಕೊಂಡು ಬಂದವನು "ಹದಿಮೂರರ ಮಗಳು ಯಾರು?" ಎಂದು ತೆಲುಗಿನಲ್ಲಿ ಕೇಳಿದ. ಕೇಳಿದ್ದೇ ತಡ ದಾನೇಶ್ವರಿಯ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋಯಿತು. ಸೆಕ್ಯುರಿಟಿಯವನು ಯಂತ್ರ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವಳು ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಸ್ನೇಹಲತಾ ಸಾಬಮ್ಮನ ಕೈ ಹಿಡಿದು ಹೋದಳು.

ಆಪರೇಷನ್ ಎರಡು ತಾಸು ನಡೆಯಿತು. ಆ ಎರಡು ತಾಸು ದಾನೇಶ್ವರಿ ಉಮಾಬಾಯಿಗೆ ಗಂಜಿ ಕುಡಿಸಿ, ತಲೆ ಬಾಚಿ, ಬೆಡ್‌ಪ್ಯಾನ್ ಕೊಟ್ಟು ತೊಳೆದಳು. ಏಳಕ್ಕೆ ಡಾಕ್ಟರು ವಾರ್ಡಿನ ಬಾಗಿಲಿಗೆ ಬಂದು, "ನಿಮ್ಮ ತಾಯಿ ಆರಾಮಾಗಿದ್ದಾರೆ, ಭಯಪಡಬೇಡಿ," ಎಂದು ಸ್ನೇಹಲತಾಳ ಬೆನ್ನು ತಟ್ಟಿದರು. ಆ ಮಾತು ಹತ್ತು ಮಾರು ದೂರದಿಂದ ದಾನೇಶ್ವರಿಯ ಕಿವಿಗೆ ಬಿತ್ತು. ಅವಳು ಉಮಾಬಾಯಿಯ ಹಾಸಿಗೆಯ ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

ಉಮಾಬಾಯಿ ದಿಂಬಿನಿಂದ ತಲೆಯೆತ್ತಿದರು. "ಹುಚ್ಚಿ, ಯಾಕ ಅಳ್ತಿ? ನನಗೇನೂ ಆಗಿಲ್ಲ," ಎಂದು ಅವಳ ತಲೆ ಸವರಿದರು. "ಮೂರು ಮಂದಿ ಸೊಸೆಂದ್ರದಾರ, ಒಬ್ಬಾಕೀನರೆ ಹನಿ ಕಣ್ಣೀರು ಹಾಕಿಲ್ಲ ನೋಡು." ಅವರು ಫೀಡ್‌ಬ್ಯಾಕ್ ಕಾಗದ ತರಿಸಿ, ಮಗಳ ವಿಭಾಗದಲ್ಲಿ ಐದಕ್ಕೆ ಐದು ಅಂಕ ಕೊಟ್ಟರು. ಅದರ ಆಧಾರದ ಮೇಲೆ ದಾನೇಶ್ವರಿಯನ್ನು "ತಿಂಗಳ ಮಗಳು" ಎಂದು ಆರಿಸಿ ಲಿಫ್ಟಿನ ಪಕ್ಕ ಫೋಟೋ ಹಾಕಲಾಯಿತು. ಫೋಟೋದ ಕೆಳಗೆ ಅದೇ ಗಾದೆ ಇದೆ.

ಹತ್ತನೆಯ ದಿನ ಸಾಬಮ್ಮನಿಗೆ ಡಿಸ್ಚಾರ್ಜ್ ಆಯಿತು. ಕಾಗದಗಳು ಸಿದ್ಧವಾಗುವಾಗ ನಾಲ್ಕೂವರೆ ಆಗಿತ್ತು, ಆ ದಿನದ ಬಂಧು ಸೇವೆಯೂ ಲೆಕ್ಕಕ್ಕೆ ಸೇರಲೆಂದು ಬಿಲ್ಲಿಂಗಿನವರು ಹಾಗೆ ನೋಡಿಕೊಂಡಿದ್ದರು. ರೋಗಿಯನ್ನು ಒಪ್ಪಿಸಿಕೊಂಡು ಮನೆ ಮುಟ್ಟಿಸತಕ್ಕವರು ಪಾಸಿನಲ್ಲಿರುವ ಬಂಧುವೇ ಆಗಿರತಕ್ಕದ್ದು. ಸ್ನೇಹಲತಾಳಿಗೆ ಅದಕ್ಕಾಗಿ ಎರಡು ತಾಸು ಹೊರಗೆ ಹೋಗುವ ಅನುಮತಿ ಸಿಕ್ಕಿತು. ಅವಳು ಸಹಿ ಮಾಡಿದಳು. ಬಿಲ್ಲನ್ನು, ಹತ್ತು ದಿನದ ಮಗಳ ಸೇವೆ ಸಹಿತ, ದಾನೇಶ್ವರಿ ಕಟ್ಟಿದಳು. ಬಿಲ್ಲನ್ನು ಯಾರು ಬೇಕಾದರೂ ಕಟ್ಟಬಹುದಿತ್ತು.

ಗೇಟಿನ ಬಳಿ ಆಟೋ ನಿಂತಿತ್ತು. ದಾನೇಶ್ವರಿ ಸೊಂಟದಿಂದ ಮನೆಯ ಕೀಲಿಕೈ ಬಿಚ್ಚಿ ಸ್ನೇಹಲತಾಳ ಕೈಯಲ್ಲಿಟ್ಟಳು. "ಕೀಲಿ ಭಾಳ ಬಿಗಿ ಐತಿ, ಬಾಗಲಾ ಎತ್ತಿ ತಿರುವು. ಬ್ಯಾಳಿ ಡಬ್ಬೀ ಒಲೀ ಬಾಜೂಕ ಐತಿ. ಹಾಸಿಗಿ ಕಿಟಕಿ ಕಡೆ ಹಾಸು, ಆಕೀಗೆ ಗಾಳಿ ಬೇಕು."

"ಹೂಂ ಅಕ್ಕಾ," ಎಂದಳು ಸ್ನೇಹಲತಾ.

ಗಾಲಿಕುರ್ಚಿಯಲ್ಲಿದ್ದ ಸಾಬಮ್ಮ ಸೆಕ್ಯುರಿಟಿಯವನ ಕಡೆ ಒಮ್ಮೆ ನೋಡಿದಳು. ಅವನ ಯಂತ್ರ ಕೈಯಲ್ಲೇ ಇತ್ತು. ಆಮೇಲೆ ಮಗಳ ಮುಖವನ್ನು ದಿಟ್ಟಿಸಿ, ಅವನಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಅಂದಳು:

"ನೀ ಬಾಜೂ ಹಾಸಿಗೀದಾಕೀ ಮಗಳಲ್ಲೇನವಾ? ಹತ್ತು ದಿನಾ ನೋಡೀನಿ ನಿನ್ನ. ನಿಮ್ಮವ್ವ ಭಾಳ ಪುಣ್ಯಾ ಮಾಡ್ಯಾಳ."

"ಹೌದ್ರಿ ಅಮ್ಮಾರ," ಎಂದಳು ದಾನೇಶ್ವರಿ. "ಹುಷಾರಾಗಿ ಹೋಗಿಬರ್ರಿ."

ಆಟೋ ಕುಷಾಯಿಗೂಡದ ಕಡೆ ತಿರುಗಿತು. ಸೆಕ್ಯುರಿಟಿಯವನು ಪುಸ್ತಕದಲ್ಲಿ ಹದಿಮೂರು ಖಾಲಿ, ರೋಗಿ ಮಗಳ ಜೊತೆ ಹೋದರು ಎಂದು ಬರೆದುಕೊಂಡ. ದಾನೇಶ್ವರಿ ದುಪಟ್ಟಾ ಸರಿಮಾಡಿಕೊಂಡು ಎರಡನೆಯ ಮಹಡಿ ಹತ್ತುವಾಗಲೇ ವಾರ್ಡಿನೊಳಗಿಂದ ಉಮಾಬಾಯಿ ಕರೆಯುವುದು ಕೇಳಿಸುತ್ತಿತ್ತು.

"ಬಂದೆ ಅವ್ವಾ," ಎಂದಳು.