ಸೈಲಸ್‌ನ ಒಂಟಿ ಹಾಡು

ಎಲ್ಲಕ್ಕೂ ಕಾರಣ ಒಂದು ಸೀಗಡಿಯ ಸಿಪ್ಪೆ. ಒಪೆರಾ ಶುರುವಾಗುವ ದಿನ ಬೆಳಿಗ್ಗೆ ಸೈಲಸ್ ಸೀಗಡಿ ಹಾಕಿದ ಜೋಳದ ಗಂಜಿ ಉಣ್ಣುತ್ತಿದ್ದಾಗ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಎರಡು ಸಲ ಕೆಮ್ಮಿದ, ಸಿಪ್ಪೆ ಹೊರಗೆ ಬಂತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಾರ್ಲ್ಸ್‌ಟನ್ನಿನ ನಮ್ಮ ಓಣಿಯಲ್ಲಿ ಒಬ್ಬ ಕೆಮ್ಮಿದರೆ ಅದು ಅವನೊಬ್ಬನ ಕೆಮ್ಮಲ್ಲ.

ಪಕ್ಕದ ಮನೆಯ ಹ್ಯಾಟಿ ಬೇಲಿಯ ಮೇಲಿಂದ ಇಣುಕಿದಳು. "ಏನೋ ಸೈಲಸ್, ಗಂಟಲು ಕಟ್ತಾ? ಇವತ್ತೇ ಕಟ್ಬೇಕಿತ್ತಾ ಅದು?"

"ಸಿಪ್ಪೆ, ಅಕ್ಕಾ. ಹೋಯ್ತು."

"ಒಡೆಸ್ಸಾನ ಮಣ್ಣು ಮಾಡಿದ ದಿನಾನೂ ಹಿಂಗೇ ಅಂದಿದ್ದೆ. ಏನೂ ಆಗಿಲ್ಲ ಅಕ್ಕಾ ಅಂತ."

ಸೈಲಸ್ ಚಮಚ ಕೆಳಗಿಟ್ಟ. ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಚರ್ಚಿನಲ್ಲಿ ಸತ್ತ ಹೆಂಡತಿಯ ಶವಪೆಟ್ಟಿಗೆ ಮುಚ್ಚುವ ಮುನ್ನ ಗಂಡ ಒಬ್ಬನೇ ನಿಂತು ಒಂದು ಹಾಡು ಹೇಳಿ ಕಳಿಸಬೇಕು. ಹೋದ ಚಳಿಗಾಲದಲ್ಲಿ ತನ್ನ ಹೆಂಡತಿ ಒಡೆಸ್ಸಾಳ ಮುಂದೆ ನಿಂತು ಸೈಲಸ್ ಬಾಯಿ ತೆರೆದ, ದನಿ ಹೊರಡಲಿಲ್ಲ. ಒಬ್ಬನ ದನಿ ಬಿದ್ದರೆ ಉಳಿದವರು ಎತ್ತಿಕೊಳ್ಳಬೇಕು ಎನ್ನುವುದೂ ನಮ್ಮ ವಾಡಿಕೆಯೇ. ಇಡೀ ಚರ್ಚು ಎತ್ತಿಕೊಂಡಿತು. ಒಡೆಸ್ಸಾ ಊರಿನವರೆಲ್ಲರ ದನಿ ಕೇಳಿಸಿಕೊಂಡು ಹೋದಳು, ಗಂಡನದೊಂದನ್ನು ಬಿಟ್ಟು.

ಅಂದಿನಿಂದ ಅವನು ಬಲೆ ನೇಯುತ್ತಾ ಕೂತಲ್ಲೇ ಕೂರುತ್ತಿದ್ದ. ಆಗ ಬಂದಳು ನ್ಯೂಯಾರ್ಕಿನ ನಿರ್ದೇಶಕಿ ವಿವಿಯನ್. ನಮ್ಮಂಥದೇ ಬೆಸ್ತರ ಓಣಿಯ ಕತೆಯಿರುವ ಹಳೆಯ ಜಾನಪದ ಒಪೆರಾವನ್ನು ನಮ್ಮವರಿಂದಲೇ ಹೊಸದಾಗಿ ಆಡಿಸಬೇಕೆಂದು ಅವಳ ಹಟ. ಅದರಲ್ಲಿ ಸತ್ತ ಹೆಂಡತಿಯ ಪಕ್ಕ ಕೂತು ಬೆಸ್ತನೊಬ್ಬ ವಾದ್ಯವಿಲ್ಲದೆ ಒಂಟಿಯಾಗಿ ಹಾಡುತ್ತಾನೆ. ಆ ಪಾತ್ರವನ್ನು ಸೈಲಸ್ ಕೇಳಿ ಪಡೆದ. ಅಂದು ಆಗದ್ದನ್ನು ಅದೇ ಜನರ ಮುಂದೆ ಒಮ್ಮೆ ಹಾಡಿಬಿಟ್ಟರೆ ಒಡೆಸ್ಸಾಳಿಗೆ ಸಲ್ಲುತ್ತದೆ ಎಂದು ಅವನ ನಂಬಿಕೆ. ಹೆಣದ ಪಾತ್ರ ಹ್ಯಾಟಿಗೆ ಹೋಯಿತು. ಆ ಬಾಯಿಯನ್ನು ಅರ್ಧ ಗಂಟೆಯಾದರೂ ಮುಚ್ಚಿಸಿದಳಲ್ಲ ಎಂದು ಓಣಿಯೇ ನಿರ್ದೇಶಕಿಯನ್ನು ಹೊಗಳಿತು.

ಹ್ಯಾಟಿ ಕಷಾಯ ಮಾಡಿ ತಂದಳು. ವಿನೆಗರ್, ಕೆಂಪು ಮೆಣಸಿನಕಾಯಿ, ಮೇಲೆ ಇಷ್ಟು ಬೆಲ್ಲದ ಪಾಕ.

"ನಂಗೇನೂ ಆಗಿಲ್ಲ, ಅಕ್ಕಾ."

"ಕುಡಿಯೋ. ವಿಷ ಅಲ್ಲ."

ವಿಷವಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಸೈಲಸ್ ಕಣ್ಣೀರು ಸುರಿಸಿಕೊಂಡು ಇನ್ನೂ ಕೆಮ್ಮಿದ. ಅದನ್ನು ಕೇಳಿ ಎದುರು ಮನೆಯವರು ಬಿಸಿ ಈರುಳ್ಳಿಯ ಗಂಟನ್ನು ಕುತ್ತಿಗೆಗೆ ಕಟ್ಟಿದರು. ಮೂಲೆಮನೆಯ ಮುದುಕ ಪೈನ್ ಮರದ ಅಂಟು ಸುಟ್ಟು ಹೊಗೆ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಸೈಲಸ್ ಮಾತಾಡಿದರೆ ಹಳೇ ಬಾಗಿಲು ಕಿರುಗುಟ್ಟಿದ ಹಾಗೆ ಕೇಳುತ್ತಿತ್ತು.

ಅಷ್ಟರಲ್ಲಿ ವಿವಿಯನ್ ಬಂದಳು. "ಒಂದು ಸಾಲು ಹಾಡಿ ನೋಡೋಣ."

ಸೈಲಸ್ ಹ್ಯಾಟಿಯ ಕಡೆ ನೋಡಿದ. ಹ್ಯಾಟಿ ಅಡ್ಡ ಬಂದಳು. "ದನಿ ಕೂಡಿಡ್ತಾ ಇದಾನೆ, ಮೇಡಂ. ನಮ್ಮಲ್ಲಿ ಹಂಗೇ."

'ನಮ್ಮಲ್ಲಿ ಹಂಗೇ' ಎಂದರೆ ವಿವಿಯನ್ ಯಾವುದಕ್ಕಾದರೂ ತಲೆಬಾಗುತ್ತಿದ್ದಳು. ಬಾಗಿ, ಹೊರಟುಹೋದಳು.

"ರಂಗದ ಮೇಲೆ ಹೋಗೋವರೆಗೂ ಒಂದಕ್ಷರ ಆಡ್ಕೂಡದು, ತಿಳೀತಾ?" ಎಂದಳು ಹ್ಯಾಟಿ.

ಸೈಲಸ್ ಮೆಟ್ಟಿಲ ಮೇಲೆ ಕೂತು ತುಟಿಯನ್ನಷ್ಟೇ ಆಡಿಸುತ್ತಾ ಹಾಡನ್ನು ನೆನೆಯುತ್ತಿದ್ದ. ಎರಡನೇ ಸಲವೂ ಮೂಕನಾಗಿ ನಿಂತರೆ ಇನ್ನು ಒಡೆಸ್ಸಾಳ ಸಮಾಧಿಗೆ ಯಾವ ಮುಖ ಹೊತ್ತು ಹೋಗಲಿ ಎಂದು ಮತ್ತೆ ಮತ್ತೆ ಮೊದಲ ಸಾಲಿನಿಂದ ಶುರುಮಾಡುತ್ತಿದ್ದ. ಅವನ ಕಣ್ಣು ತುಂಬಿದ್ದನ್ನು ನೋಡಿ ಹ್ಯಾಟಿಗೆ ಕರುಳು ಚುರುಕ್ ಎಂದಿತು. ಕಷಾಯ ತನ್ನದೇ ತಾನೇ. ಟೋಪಿ ಹಾಕಿಕೊಂಡು ನೇರವಾಗಿ ಪಾದ್ರಿಗಳ ಮನೆಗೆ ನಡೆದಳು.

ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲೆಲ್ಲ ನಮ್ಮ ಚರ್ಚಿನವರು. ಹ್ಯಾಟಿ ಬಿಳಿ ಬಟ್ಟೆ ಹೊದ್ದು ಮಲಗಿದಳು. ಸೈಲಸ್ ಪಕ್ಕದಲ್ಲಿ ಮಂಡಿಯೂರಿದ. ಅವನು ಉಸಿರೆಳೆದು ಬಾಯಿ ತೆರೆದ.

ಬಂತು, ದನಿ ಬಂತು. ಮಧ್ಯಾಹ್ನದಿಂದ ಬಾಯಿ ಮುಚ್ಚಿದ್ದಕ್ಕೋ ಏನೋ, ಹಿಂದೆಂದೂ ಬಾರದಷ್ಟು ತಿಳಿಯಾಗಿ ಬಂತು.

ಆದರೆ ಅವನು ಬಾಯಿ ತೆರೆದದ್ದೇ ತಡ, ಮುಂದಿನ ಸಾಲಿನಲ್ಲಿ ಪಾದ್ರಿಗಳು ಕೈಯೆತ್ತಿದರು. ಚರ್ಚಿಗೆ ಚರ್ಚೇ ಎದ್ದು ನಿಂತು, ತಾಲೀಮಿನಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಹಾಡನ್ನು ಎತ್ತಿಕೊಂಡಿತು. ಪಾಪ, ಸೈಲಸ್‌ಗೆ ದನಿಯಿಲ್ಲ, ನಾವೇ ಹೊರಬೇಕು ಎಂದು ಒಬ್ಬೊಬ್ಬರೂ ಇಬ್ಬರಷ್ಟು ಗಟ್ಟಿಯಾಗಿ ಹಾಡಿದರು. ಸೈಲಸ್ ಬೇಡ ಬೇಡ ಎಂದು ಕೈಯಾಡಿಸಿದ. ಇನ್ನೂ ಗಟ್ಟಿಯಾಗಿ ಎನ್ನುತ್ತಿದ್ದಾನೆ ಎಂದುಕೊಂಡರು. ಅವನು ಅಳುತ್ತಲೇ ಕೊನೆಯ ಸಾಲಿನವರೆಗೂ ಹಾಡಿದ. ಅವನ ದನಿ ಅವನ ಕಿವಿಗೇ ಬೀಳಲಿಲ್ಲ.

ಪರದೆ ಬಿತ್ತು. ವಿವಿಯನ್ ಓಡಿಬಂದು ಅವನ ಕೈ ಹಿಡಿದಳು. "ಸಭೆಯೇ ಹಾಡೋದು, ನೀವು ಮೌನವಾಗಿ ಅಳೋದು. ಇನ್ಮೇಲೆ ದಿನಾ ಹೀಗೇ. ನೀವು ಬಾಯಿ ಆಡಿಸಿದ್ರೆ ಸಾಕು."

ಅವಳು ಹೋದಮೇಲೆ ಸೈಲಸ್ ಹೆಣದ ಕಡೆ ತಿರುಗಿದ. ಮೊಳದಷ್ಟು ಹತ್ತಿರವಿದ್ದವಳು ಅವಳೊಬ್ಬಳೇ.

"ಅಕ್ಕಾ, ನೀನಾದ್ರೂ ಕೇಳಿದ್ಯಲ್ಲ? ಹಾಡಿದೆ ನಾನು. ಪೂರ್ತಿ ಹಾಡಿದೆ."

ಹ್ಯಾಟಿ ಎದ್ದು ಕೂತು ಎರಡೂ ಕಿವಿಯಿಂದ ಹತ್ತಿ ತೆಗೆದಳು. "ಏನಂದೆ? ಅಷ್ಟು ಜನ ಒಟ್ಟಿಗೆ ಕಿರುಚ್ತಾರೆ ಅಂತ ಗೊತ್ತಿತ್ತಲ್ಲ, ಅದಕ್ಕೇ ಹತ್ತಿ ತುರುಕ್ಕೊಂಡಿದ್ದೆ."

"ಹಾಡಿದೆ, ಅಕ್ಕಾ."

ಹ್ಯಾಟಿ ಅವನ ಕೆನ್ನೆ ಸವರಿದಳು. ಅವಳ ಕಣ್ಣಲ್ಲೂ ನೀರು. "ಹೂಂ, ಹಾಡಿದೆ, ಹಾಡಿದೆ. ಅವತ್ತು ಒಡೆಸ್ಸಾ ಮುಂದೆ ಹಾಡಿದ ಹಾಗೇ ಹಾಡಿದೆ. ನಡಿ ಮನೆಗೆ, ನಾಳೆಗೂ ಕಷಾಯ ಮಾಡಿಡ್ತೀನಿ."